ಇಪ್ಪತ್ತಾರು ಎಂದು ಬರೆದಿತ್ತು

ಅಕ್ಟೋಬರ್ 21, ಮಂಗಳವಾರ. ಗೋಶೆನ್ ಯಾರ್ಡ್

ವರ್ನನ್ ಕ್ರೈಡರ್ ಅವರ ಕೆಲಸವನ್ನು ಕಂಪನಿ ಇವತ್ತು ಕಿತ್ತುಕೊಂಡಿತು. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

ಹತ್ತೊಂಬತ್ತು ವರ್ಷ ಈ ಯಾರ್ಡಿನಿಂದ ಹೊಸ ಕ್ಯಾಂಪರ್‌ಗಳನ್ನು ತಮ್ಮ ಸ್ವಂತ ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಒರೆಗಾನಿನಿಂದ ಫ್ಲೋರಿಡಾವರೆಗೆ ಅಂಗಡಿ ಅಂಗಡಿಗೆ ಮುಟ್ಟಿಸಿದ ಮನುಷ್ಯ ಅವರು. ಯಾರೋ ರಜೆಯಲ್ಲಿ ಮಲಗಲಿರುವ ಈ ಗಾಲಿಮನೆಗಳನ್ನು ಎಳೆದು ಎಳೆದು ಬೆನ್ನು ಬಾಗಿದೆ. ಹೋದ ವಾರ ಸುಂಕದ ಹೆದ್ದಾರಿಯಲ್ಲಿ, ಆಂಗೋಲಾ ಊರಿನ ಹತ್ತಿರ, ಒಂದು ಸಣ್ಣ ಕಾರನ್ನು ದಾಟಿ ಎಡ ಲೇನಿನಿಂದ ಬಲಕ್ಕೆ ಬರುವಾಗ ಕ್ಯಾಂಪರಿನ ಬಾಲ ಆ ಕಾರಿಗೆ ತಗುಲಿತು. ಕಾರು ಹುಲ್ಲಿಗಿಳಿದು ಮಗುಚಿತು. ಒಳಗಿದ್ದ ಹೆಂಗಸಿನ ಭುಜದ ಮೂಳೆ ಮುರಿಯಿತು.

ವರ್ನ್ ಹೇಳಿದ್ದು ಒಂದೇ ಮಾತು: ಬಲಗಡೆ ಕನ್ನಡಿಯ ದೀಪ ಹೊತ್ತಲಿಲ್ಲ. ಕನ್ನಡಿಗೆ ಕಾಣದ ಕುರುಡು ಜಾಗದಲ್ಲಿ ಗಾಡಿಯಿದ್ದರೆ ಹಳದಿ ದೀಪ ಹೊತ್ತಬೇಕು. ಪಿಕಪ್ಪಿನ ಹಿಂಬದಿಯ ಸೆನ್ಸರ್ ಕಣ್ಣುಗಳು ಇರುವುದೇ ಅದಕ್ಕೆ. ಹೊತ್ತಲಿಲ್ಲವೆಂದರೆ ಯಂತ್ರ ಕೈಕೊಟ್ಟಿದೆ. ಯಂತ್ರ ಕೈಕೊಟ್ಟರೆ ಮನುಷ್ಯನನ್ನು ಏಕೆ ಹೊರಗೆ ಹಾಕುತ್ತಾರೆ?

ಸುರಕ್ಷತೆಯ ಮ್ಯಾನೇಜರ್ ಬ್ರಾಂಟ್ ಬಳಿ ಹೋಗಿ ಇದನ್ನೇ ಕೇಳಿದೆ. ಅವನು ತಲೆ ಎತ್ತಲಿಲ್ಲ.

"ಚಾಲಕನ ತಪ್ಪು ಅಂತ ಬರೆದು ಫೈಲು ಮುಚ್ಚಾಯ್ತು, ಆರ್ಲಾ. ಹೋಗಿ ನಿನ್ನ ಲೋಡು ಕಟ್ಟು."

"ಏನು ತಪ್ಪು ಅಂತ ಹೇಳಿ ಸರ್."

"ವರ್ನ್‌ಗೆ ಗೊತ್ತು. ಅವನೇ ಒಪ್ಕೊಂಡಿದಾನೆ."

ಹೆದರಿಸಿ ಒಪ್ಪಿಸಿದ್ದಾರೆ. ಹೆಸರಿನ ಮುಂದೆ ಹೀಗೊಂದು ಕಪ್ಪು ಚುಕ್ಕೆ ಬಿದ್ದರೆ ಈ ಜಿಲ್ಲೆಯ ಯಾವ ಯಾರ್ಡೂ ಅವರನ್ನು ಸೇರಿಸಿಕೊಳ್ಳುವುದಿಲ್ಲ. ಅರವತ್ತೊಂದು ವರ್ಷದವರಿಗೆ ಬೇರೆ ಕೆಲಸ ಯಾವುದಿದೆ? ಮೇಲ್ಮನವಿಗೆ ಮೂವತ್ತು ದಿನ ಇದೆ. ನಾನು ಬಿಡುವುದಿಲ್ಲ.

ಅಕ್ಟೋಬರ್ 24, ಶುಕ್ರವಾರ. ಪೆನ್ಸಿಲ್ವೇನಿಯಾ, ಪೆಟ್ರೋಲ್ ಬಂಕ್

ಬೆಳಿಗ್ಗೆ ಆರಕ್ಕೆ ಹೊರಟಿದ್ದು. ಗಾಳಿ ಪಕ್ಕದಿಂದ ಬಡಿಯುತ್ತಿದೆ. ಐದು ಗಂಟೆ ಸ್ಟೀರಿಂಗ್ ಹಿಡಿದು ಬೆರಳು ಮಡಚಲು ಬರುತ್ತಿಲ್ಲ. ತಣ್ಣಗಿನ ಪೀಟ್ಸಾ ತುಂಡು ತಿನ್ನುತ್ತಾ ಬರೆಯುತ್ತಿದ್ದೇನೆ.

ಮೇಲ್ಮನವಿಯ ಜೊತೆಗೆ ಹಂಚಲು ಕರಪತ್ರ ಶುರು ಮಾಡಿದೆ. ತಲೆಬರಹ: "ದೀಪ ಏಕೆ ಹೊತ್ತಲಿಲ್ಲ?" ಅಜ್ಜಿಯ ಚರ್ಚಿನ ಹಳೆ ಸಾಮಾನಿನ ಮಾರಾಟದಲ್ಲಿ ಸಿಕ್ಕಿದ ಶೂ ಡಬ್ಬಿಯ ತುಂಬಾ ಕಾರ್ಮಿಕರ ಹಳೇ ಕರಪತ್ರಗಳಿದ್ದವು. ನನ್ನ ಕಾಲೇಜು ಅದೇ. ಅವುಗಳಲ್ಲಿ ಒಂದು ಹೇಳುತ್ತದೆ: ತಿಳಿವಳಿಕೆಯನ್ನು ಮಾಲೀಕ ಕೊಡುವುದಿಲ್ಲ, ನಾವೇ ಹಂಚಿಕೊಳ್ಳಬೇಕು. ಏಪ್ರಿಲ್‌ನಲ್ಲಿ ನಾನು ಮಾಡಿದ್ದೂ ಅದನ್ನೇ. ಈ ಹೊಸ ಪಿಕಪ್ಪುಗಳ ದೀಪದ ವಿಷಯ ಚಾಲಕರಿಗೆ ಹೇಳಿಕೊಡಿ ಎಂದರೆ ಕಂಪನಿ ನಕ್ಕಿತು. ಗಾಡಿ ನಿಮ್ಮದು, ಓದಿಕೊಳ್ಳಿ ಎಂದಿತು. ನಾನು ಕೂತು ನಾನೂರು ಪುಟದ ಕೈಪಿಡಿ ಓದಿದೆ. ಅರ್ಧ ಪುಟದಲ್ಲಿ ಬರೆದು, ಲೈಬ್ರರಿಯಲ್ಲಿ ಅರವತ್ತು ಪ್ರತಿ ತೆಗೆಸಿ ಹಂಚಿದೆ. ಒಂದು ಪ್ರತಿ ಈಗಲೂ ಚಾಲಕರ ಕೋಣೆಯಲ್ಲಿ ಕಾಫಿ ಯಂತ್ರದ ಮೇಲಿನ ಗೋಡೆಗೆ ಅಂಟಿಕೊಂಡಿದೆ. ಹಿಂದೆ ಕಟ್ಟಿರುವುದು ಎಷ್ಟು ಉದ್ದ ಎಂದು ಪಿಕಪ್ಪಿಗೆ ತಾನಾಗಿ ಗೊತ್ತಾಗದು, ನಾವು ಹೇಳಬೇಕು. ಹೇಳಿದಷ್ಟು ಉದ್ದವನ್ನೇ ಅದು ಕಾಯುತ್ತದೆ. ಪ್ರತಿ ದಿನ ಬೇರೆ ಬೇರೆ ಉದ್ದದ ಮನೆ ಎಳೆಯುವವರು ಪ್ರತಿ ದಿನ ಬದಲಿಸಲೇಬೇಕು. ಇದನ್ನು ಹೇಳಲು ಕಂಪನಿಗೆ ಬಾಯಿರಲಿಲ್ಲ. ನನಗಿತ್ತು.

ಇವತ್ತು ನನ್ನ ಕ್ಯಾಂಪರಿನ ಪಕ್ಕದಲ್ಲಿ ಇಪ್ಪತ್ತನಾಲ್ಕು ಎಂದು ದೊಡ್ಡದಾಗಿ ಬರೆದಿದೆ. ಪರದೆಯಲ್ಲಿ ಇಪ್ಪತ್ತನಾಲ್ಕು ಅಡಿ ಒತ್ತಿದೆ. ಹತ್ತು ಸೆಕೆಂಡಿನ ಕೆಲಸ.

ಅಕ್ಟೋಬರ್ 29, ಬುಧವಾರ. ಆಂಗೋಲಾ

ಗಾಯಗೊಂಡ ಹೆಂಗಸಿನ ಮನೆಗೆ ಹೋಗಿದ್ದೆ. ಇನೆಸ್ ಕಾರ್ದೋವಾ. ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಕೂರಿಸುವ, ಸ್ನಾನ ಮಾಡಿಸುವ ಕೆಲಸ. ಈಗ ಬಲಗೈ ಜೋಲಿಯಲ್ಲಿದೆ. ದೀಪ ಕೆಟ್ಟಿತ್ತೆಂಬ ಹೇಳಿಕೆಗೆ ಆಕೆಯ ಸಹಿ ಬೇಕಿತ್ತು. ಬರೆದುಕೊಂಡೇ ಹೋಗಿದ್ದೆ.

ಆಕೆ ಓದಿ ಕಾಗದವನ್ನು ಮೇಜಿನ ಮೇಲಿಟ್ಟರು.

"ದೀಪದ ವಿಷಯ ನಂಗೇನು ಗೊತ್ತಮ್ಮ? ನಾನು ಅವರ ಗಾಡಿ ಒಳಗೆ ಇರ್ಲಿಲ್ವಲ್ಲ."

"ಆದ್ರೆ ನೀವು ಕುರುಡು ಜಾಗದಲ್ಲಿ ಇದ್ರಿ. ಅದು ಹೊತ್ತಬೇಕಿತ್ತು."

"ನಾನು ಹಿಂದೆ ಇದ್ದೆ. ಆ ಮನೆಯ ಕೊನೇ ಕಿಟಕಿ ಇರುತ್ತಲ್ಲ, ಅದಕ್ಕಿಂತ ಹಿಂದೆ. ಬಾಲದ ಪಕ್ಕದಲ್ಲೇ ಎರಡು ಮೈಲಿ ಹೋದೆ. ಗಾಳಿಗೆ ಅದು ಅಡ್ಡ ಆಗಿತ್ತು ನೋಡು, ಹಾಯಾಗಿತ್ತು." ಕಾಗದವನ್ನು ನನ್ನತ್ತ ಸರಿಸಿ ಕೇಳಿದರು, "ಅವರು ನನ್ನನ್ನ ನೋಡ್ಲೇ ಇಲ್ವಾ? ಅಷ್ಟು ದೊಡ್ಡ ಕನ್ನಡಿ ಇದೆಯಲ್ಲ."

ನಾನು ಯಂತ್ರಗಳ ಬಗ್ಗೆ, ಕಂಪನಿಗಳ ಬಗ್ಗೆ ಹೇಳಿದೆ. ತುಂಬಾ ಹೊತ್ತು ಹೇಳಿದೆ ಅನ್ನಿಸುತ್ತದೆ. ಆಕೆ ಎಡಗೈಯಲ್ಲಿ ಕಾಫಿ ಕಪ್ಪು ಎತ್ತಲು ಹೋಗಿ ಮೇಜಿನ ಮೇಲೆ ಚೆಲ್ಲಿಕೊಂಡರು. ಒರೆಸಿಕೊಟ್ಟೆ. ಆಕೆ ಸಹಿ ಹಾಕಲಿಲ್ಲ.

ಬಡವರಿಗೆ ತಮ್ಮ ಶತ್ರು ಯಾರೆಂದು ಬೇಗ ಕಾಣುವುದಿಲ್ಲ. ಇದನ್ನು ಕರಪತ್ರದಲ್ಲಿ ಹಾಕಬೇಕು.

ನವೆಂಬರ್ 3, ಸೋಮವಾರ. ಮಿಸೂರಿ

ಎರಡು ದಿನದ ದಾರಿ. ಅಂಗಡಿ ತೆರೆಯಲು ಇನ್ನೂ ಒಂದು ಗಂಟೆ ಇತ್ತು. ಇವತ್ತಿನ ಕ್ಯಾಂಪರ್ ವರ್ನ್ ಎಳೆದದ್ದರದೇ ಮಾದರಿ, ಪಕ್ಕದಲ್ಲಿ ಇಪ್ಪತ್ತಾರು. ಕೊನೆಯ ಕಿಟಕಿಯ ಹಿಂದೆ ಎಷ್ಟು ಜಾಗ ಇರುತ್ತದೆ ಎಂದು ಕರಪತ್ರಕ್ಕೆ ಬೇಕಿತ್ತು. ಸೀಟಿನ ಕೆಳಗಿಂದ ಅಳತೆ ಟೇಪ್ ತೆಗೆದೆ.

ಒಬ್ಬಳೇ ಅಳೆಯುವುದು ಕಷ್ಟ. ತುದಿಯನ್ನು ಹಿಂದಿನ ಬಂಪರಿಗೆ ಸಿಕ್ಕಿಸಿ ಮುಂದೆ ಬಂದರೆ ಅದು ಜಾರಿ ಸರ್ರನೆ ಹಾವಿನ ಹಾಗೆ ಓಡಿ ಬರುತ್ತದೆ. ಮೂರು ಸಲ ಹೀಗಾಯಿತು. ಕೊನೆಗೆ ಬೂಟಿನ ಲೇಸು ಬಿಚ್ಚಿ ತುದಿಯನ್ನು ಕಟ್ಟಿ, ಹಿಂದಿನ ಬಂಪರಿನಿಂದ ಮುಂದಿನ ಕೊಂಡಿಯವರೆಗೆ ಇಡೀ ಉದ್ದ ಅಳೆದೆ.

ಮೂವತ್ತೊಂದು ಅಡಿ ಎರಡು ಅಂಗುಲ.

ತಪ್ಪಾಯಿತೆಂದು ಮತ್ತೆ ಅಳೆದೆ. ಮೂವತ್ತೊಂದು ಅಡಿ ಎರಡು ಅಂಗುಲ.

ಅಂಗಡಿಯವನು ಬೀಗದ ಗೊಂಚಲು ಹಿಡಿದು ಬಂದ. "ಏನಮ್ಮಾ, ಕದ್ದು ಕೊಂಡೊಯ್ಯಕ್ಕೆ ಅಳತೆ ತಗೋತಿದೀಯಾ?"

"ಇಪ್ಪತ್ತಾರು ಅಂತ ಬರ್ದಿದೆಯಲ್ಲ ಇದರ ಮೇಲೆ!"

"ಓ, ಅದಾ? ಅದು ಒಳಗಿನ ಮನೆಗೆ. ಮುಂದಿನ ಕೊಂಡಿ ಕಬ್ಬಿಣ, ಹಿಂದಿನ ಬಂಪರು, ಸ್ಟೆಪ್ನಿ, ಅದ್ಯಾವುದೂ ಲೆಕ್ಕಕ್ಕಿಲ್ಲ. ಕೊಳ್ಳೋರು ಬಂದಾಗ ದಿನಾ ಹೇಳ್ತೀನಿ, ಗ್ಯಾರೇಜು ಅಳ್ಕೊಂಡು ಬನ್ನಿ ಅಂತ. ಎಲ್ಲರಿಗೂ ಗೊತ್ತಿರೋದೇ."

"ಚಾಲಕರಿಗೆ ಗೊತ್ತಿಲ್ಲ. ನಾವೆಲ್ಲ ಈ ನಂಬರನ್ನೇ ಪಿಕಪ್ಪಿಗೆ ಹಾಕೋದು."

"ಹೌದಾ?" ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಯಾರು ಹೇಳಿದ್ರು ನಿಮಗೆ ಹಾಗೆ ಮಾಡಕ್ಕೆ?"

ಕ್ಯಾಂಪರ್ ತಲುಪಿದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೊರಟೆ. ಒಂದು ಬೂಟಿಗೆ ಲೇಸು ಇಲ್ಲ. ಅಲ್ಲೇ ಬಂಪರಿನಲ್ಲಿ ಮರೆತೆ.

ನವೆಂಬರ್ 4

ಐದು ಅಡಿ ಎರಡು ಅಂಗುಲ. ಬರೆಯಲು ಬೇರೇನೂ ಇಲ್ಲ.

ನವೆಂಬರ್ 6, ಗುರುವಾರ. ಯಾರ್ಡ್

ಶಾಂತವಾಗಿ ಯೋಚಿಸಿ ಬರೆಯುತ್ತೇನೆ.

ಸುಳ್ಳು ಅಳತೆಯನ್ನು ಬದಿಗೆ ಬಳಿಯುವವರು ಯಾರು? ಕಾರ್ಖಾನೆಯವರು. ಲೋಡಿನ ಚೀಟಿಯಲ್ಲಿ ನಿಜವಾದ ಉದ್ದವನ್ನು ನಮೂದಿಸದೆ ಮಾದರಿಯ ಹೆಸರು ಮಾತ್ರ ಬರೆಯುವವರು ಯಾರು? ಕಂಪನಿಯವರು. ಕಟ್ಟಿದ ಮೇಲೆ ಇಪ್ಪತ್ತು ನಿಮಿಷದಲ್ಲಿ ಗೇಟು ದಾಟಿ ಎಂದು ಅಟ್ಟುವವರು ಯಾರು? ಇದೆಲ್ಲ ನಿಜ. ಒಂದೊಂದಕ್ಕೂ ಸಾಕ್ಷಿ ಇದೆ.

ಏಪ್ರಿಲ್‌ನಲ್ಲಿ ನಾನು ಹಂಚಿದ ಅರ್ಧ ಪುಟದ ಚೀಟಿಯಲ್ಲಿ ಒಂದು ಸಾಲು ಇದೆ, ಅದೂ ನಿಜ. ನನಗೆ ಬಾಯಿಪಾಠ: "ಅಳೆಯುತ್ತಾ ಕೂರಬೇಡಿ, ಉದ್ದ ಕ್ಯಾಂಪರಿನ ಪಕ್ಕದಲ್ಲೇ ಬರೆದಿರುತ್ತದೆ, ಅದನ್ನೇ ಒತ್ತಿ. ಇನ್ನು ನಿಮ್ಮ ಕುತ್ತಿಗೆಗೆ ವಿಶ್ರಾಂತಿ."

ನಾನು ಕಟ್ಟಲು ಹೊರಟಿರುವ ಚಾಲಕರ ಸಂಘಕ್ಕೆ ಹನ್ನೊಂದು ಸಹಿಗಳಾಗಿವೆ. ಮೂರು ವರ್ಷದಲ್ಲಿ ಯಾರಿಂದಲೂ ಆಗದ್ದು. ಈಗ ಈ ಒಂದು ಸಾಲು ಹೊರಬಿದ್ದರೆ ಬ್ರಾಂಟ್ ಅದನ್ನೇ ಹಿಡಿದುಕೊಳ್ಳುತ್ತಾನೆ, ಸಂಘ ಹುಟ್ಟುವ ಮೊದಲೇ ಸಾಯುತ್ತದೆ. ಒಬ್ಬರಿಗಾಗಿ ಎಲ್ಲರನ್ನೂ ಕಳೆದುಕೊಳ್ಳುವುದು ಸರಿಯೇ? ನನ್ನ ಡಬ್ಬಿಯ ಕರಪತ್ರಗಳೆಲ್ಲ ಅದು ಸರಿಯಲ್ಲ ಎನ್ನುತ್ತವೆ. ಇವತ್ತು ಮತ್ತೆ ಓದಿದೆ.

ಚಾಲಕರ ಕೋಣೆಯಲ್ಲಿ ಯಾರೂ ಇಲ್ಲದಾಗ ಚೀಟಿಯನ್ನು ಕಿತ್ತೆ. ಯಾರೂ ಇಲ್ಲ ಅಂದುಕೊಂಡಿದ್ದೆ. ಲೆರಾಯ್ ಶ್ರಾಕ್ ಬಾಗಿಲಲ್ಲಿ ನಿಂತು ಡೋನಟ್ ತಿನ್ನುತ್ತಿದ್ದ.

"ಬಂದಳಪ್ಪಾ ಕರಪತ್ರದ ಮಹಾತಾಯಿ! ಅದನ್ಯಾಕೆ ಕೀಳ್ತೀಯಾ? ಅದನ್ನ ನೋಡ್ಕೊಂಡೇ ಅಲ್ವಾ ನಾನು ದಿನಾ ನಂಬರು ಹಾಕೋದು."

"ಹರಿದಿತ್ತು. ಹೊಸದು ಅಂಟಿಸ್ತೀನಿ."

"ಹೊಸದ್ರಲ್ಲಿ ಸ್ವಲ್ಪ ಜೋಕು ಹಾಕು. ಇದ್ರಲ್ಲಿ ಬರೀ ಪ್ರವಚನ." ನಕ್ಕು ಹೊರಟ. ಅವನ ಹಿಂದೆ ಇಪ್ಪತ್ತೆಂಟು ಎಂದು ಬರೆದ ಕ್ಯಾಂಪರ್. ಗೇಟು ದಾಟುವುದನ್ನು ನೋಡುತ್ತಾ ನಿಂತಿದ್ದೆ. ಬಾಲ ತಿರುವಿನಲ್ಲಿ ಮರೆಯಾಯಿತು.

ಎಷ್ಟು ಹೊತ್ತು ನಿಂತಿದ್ದೆನೋ. ಆಮೇಲೆ ಫೋನು ಮಾಡಿದೆ. "ಲೆರಾಯ್, ಗಾಡಿ ಪಕ್ಕಕ್ಕೆ ಹಾಕು. ಉದ್ದಕ್ಕೆ ಐದು ಅಡಿ ಸೇರಿಸು."

"ಯಾಕೆ?"

"ಹೇಳಿದಷ್ಟು ಮಾಡು. ಲೇನ್ ಬದಲಾಯಿಸೋ ಮುಂಚೆ ಬಗ್ಗಿ ಕನ್ನಡಿ ನೋಡು."

"ಏನೇ ನಿನ್ನ ಕಥೆ? ಧ್ವನಿ ಯಾಕೆ ಹಾಗಿದೆ?"

"ಸುಸ್ತಾಗಿದೆ," ಎಂದೆ. ಸುಳ್ಳೇನಲ್ಲ.

ನವೆಂಬರ್ 9, ಭಾನುವಾರ

ಚರ್ಚು ಮುಗಿದ ಮೇಲೆ ವರ್ನ್ ಮನೆಯಲ್ಲಿ ಊಟ. ಅವರ ಹೆಂಡತಿ ಕಲೆಸಿದ ಆಲೂಗೆಡ್ಡೆಯ ಮೇಲೆ ನೂಡಲ್ಸ್ ಸುರಿದು ಕೊಟ್ಟರು. ಎರಡನೇ ಸಲ ಬಡಿಸುವಾಗ, "ಇವರು ಮನೇಲಿ ಕೂತು ಕೂತು ನನ್ನ ಅಡುಗೆಮನೇನ ಮೂರು ಸಲ ಜೋಡಿಸಿದ್ರು ಕಣೇ, ಉಪ್ಪು ಎಲ್ಲಿದೆ ಅಂತ ನಂಗೇ ಗೊತ್ತಿಲ್ಲ," ಎಂದರು. ಎಲ್ಲರೂ ನಕ್ಕೆವು. ವರ್ನ್ ಬೇಗ ನಿಲ್ಲಿಸಿದರು.

ಆಮೇಲೆ ಹೊರಗೆ ಪಿಕಪ್ಪಿನ ಹತ್ತಿರ ಹೋದೆವು. ನಾನು ಟೇಪಿನ ವಿಷಯ ಹೇಳಿದೆ. ಮಧ್ಯದಲ್ಲೇ ಅವರು ಮುಂದಿನ ಗಾಜಿನ ಮೇಲಿನ ಬಿಸಿಲು ತಡೆಯನ್ನು ಬಗ್ಗಿಸಿದರು. ನಾಲ್ಕು ಮಡಿಕೆಯ ಕಾಗದ ಅಲ್ಲಿ ಸಿಕ್ಕಿಕೊಂಡಿತ್ತು. ನನ್ನದೇ ಚೀಟಿ. ಮಡಿಕೆಗಳಲ್ಲಿ ಸವೆದಿತ್ತು.

"ವಿಮೆಯವನು ಪಿಕಪ್ಪಿನ ಪರದೆ ತೆಗ್ದು ನೋಡ್ದಾಗಲೇ ಗೊತ್ತಾಯ್ತು ಮಗಳೇ. ಇಪ್ಪತ್ತಾರು ಅಂತ ಇತ್ತು. ಇದ್ಯಾಕೆ ಇಷ್ಟೇ ಹಾಕಿದೀಯ ಅಂದ. ನಂಬರು ತಪ್ಪು ಒತ್ತಿದೆ ಅಂದೆ."

"ನನ್ನ ಹೆಸರು ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ರೆ? ನಿನ್ನನ್ನೂ ಕಳಿಸೋರು. ಇಬ್ರೂ ಮನೇಲಿ ಕೂತು ಅಡುಗೆಮನೆ ಜೋಡಿಸ್ಬೇಕಿತ್ತು."

ನನಗೆ ನಗು ಬರಲಿಲ್ಲ. ಸಂಘದ ಬಗ್ಗೆ, ಹನ್ನೊಂದು ಸಹಿಗಳ ಬಗ್ಗೆ ಹೇಳಿದೆ. ಏಕೆ ಹೇಳಿದೆನೋ. ಅವರು ಕನ್ನಡಿಯನ್ನು ತೋಳಿನಿಂದ ಒರೆಸುತ್ತಿದ್ದರು.

"ಚೀಟಿ ಒಂದೇ ಅಲ್ಲ ಕಣೇ. ಇಷ್ಟು ವರ್ಷ ಪ್ರತಿ ಸಲ ಸೀಟಿಂದ ಮುಂದಕ್ಕೆ ಬಗ್ಗಿ, ಕನ್ನಡಿ ಕೊನೇವರೆಗೂ ನೋಡ್ತಿದ್ದೆ. ಬೆನ್ನು ನೋಯೋದು, ಆದ್ರೂ ನೋಡ್ತಿದ್ದೆ. ಈ ದೀಪ ಬಂತು. ಹಾಯಾಯ್ತು. ಬಗ್ಗೋದು ಬಿಟ್ಟೆ. ಅವತ್ತು ಬಗ್ಗಿದ್ರೆ ಆಯಮ್ಮ ಕಾಣೋಳು. ಅದಕ್ಕೆ ನಿನ್ನ ಚೀಟಿ ಏನ್ ಮಾಡುತ್ತೆ?"

"ಕುತ್ತಿಗೆಗೆ ವಿಶ್ರಾಂತಿ ಅಂತ ಬರ್ದಿದ್ದು ನಾನು."

ಅವರು ಚೀಟಿಯನ್ನು ಮತ್ತೆ ಮಡಚಿ ಮೊದಲಿನ ಜಾಗಕ್ಕೇ ಸಿಕ್ಕಿಸಿದರು. "ಬಿಟ್ಬಿಡು ಮಗಳೇ. ನಂದು ಮುಗೀತು. ನೀನು ಇದನ್ನ ಎಲ್ಲೂ ಎತ್ತಬೇಡ."

ಕೇಳಿಸಿಕೊಳ್ಳುವಾಗ ಒಂದು ಕ್ಷಣ ಹಗುರವಾಯಿತು. ಅದನ್ನೂ ಬರೆದಿಡಬೇಕು.

ನವೆಂಬರ್ 11, ಮಂಗಳವಾರ. ಇಲಿನಾಯ್ಸ್

ಬಗ್ಗಿ ನೋಡುತ್ತಾ ಓಡಿಸಿದರೆ ಆರು ಗಂಟೆಯ ದಾರಿ ಎಂಟು ಗಂಟೆ ಎನಿಸುತ್ತದೆ. ಸೊಂಟ ಹಿಡಿದುಕೊಂಡಿದೆ. ಉದ್ದ ಸರಿಯಾಗಿ ಒತ್ತಿದ್ದೇನೆ, ದೀಪ ಸರಿಯಾಗಿ ಹೊತ್ತುತ್ತಿದೆ. ಆದರೂ ಬಗ್ಗುತ್ತೇನೆ. ಒಂದು ನೀಲಿ ಕಾರು ಬಾಲದ ಪಕ್ಕದಲ್ಲೇ ಬಹಳ ದೂರ ಬಂತು. ಒಳಗಿದ್ದವರು ಏನೋ ಹಾಡಿಕೊಳ್ಳುತ್ತಿದ್ದರು, ಬಾಯಿ ಕಾಣಿಸುತ್ತಿತ್ತು. ಅದು ತಾನಾಗಿ ಮುಂದೆ ಹೋಗುವವರೆಗೆ ನಾನು ಲೇನ್ ಬದಲಿಸಲಿಲ್ಲ. ಇಳಿಯಬೇಕಾದ ದಾರಿ ತಪ್ಪಿತು. ಹನ್ನೆರಡು ಮೈಲಿ ಸುತ್ತಿ ಬಂದೆ.

ಕರಪತ್ರ ಮುಂದುವರಿದಿಲ್ಲ.

ನವೆಂಬರ್ 12, ಬುಧವಾರ. ಯಾರ್ಡ್

ಬೆಳಿಗ್ಗೆ ಬ್ರಾಂಟ್ ಮೇಜಿನ ಮೇಲೆ ಎರಡು ಕಾಗದ ಇಟ್ಟೆ. ಒಂದು ಏಪ್ರಿಲ್‌ನ ಚೀಟಿ. ಇನ್ನೊಂದು ನಾನು ಮೊನ್ನೆ ಯಾರ್ಡಿನಲ್ಲಿ ಅಳೆದ ಒಂಬತ್ತು ಮಾದರಿಗಳ ನಿಜವಾದ ಉದ್ದ.

"ಇದು ನಾನು ಬರೆದದ್ದು. ವರ್ನ್ ನಂಬರು ತಪ್ಪು ಒತ್ತಿಲ್ಲ. ನಾನು ಹೇಳಿದ ನಂಬರು ಒತ್ತಿದ್ರು."

ಬ್ರಾಂಟ್ ಎರಡನ್ನೂ ಓದಿದ. ಕನ್ನಡಕ ತೆಗೆದ. "ಇದರಿಂದ ನಿನಗೆ ಏನಾಗುತ್ತೆ ಗೊತ್ತಲ್ಲ?"

"ಗೊತ್ತು."

"ಇವತ್ತಿಂದ ನಿನಗೆ ಲೋಡು ಇಲ್ಲ. ಮುಂದಿನದು ಮೇಲ್ಮನವಿ ಸಮಿತಿ ನೋಡುತ್ತೆ."

"ಸರಿ. ಇನ್ನೊಂದು ಮಾತು ಸರ್. ಈ ಚೀಟಿ ಏಳು ತಿಂಗಳು ನಿಮ್ಮ ಗೋಡೆ ಮೇಲಿತ್ತು. ನೀವು ದಿನಾ ಅಲ್ಲೇ ಕಾಫಿ ಕುಡೀತೀರಿ."

ಅವನು ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕಿಟಕಿಯಾಚೆ ಸಾಲುಸಾಲು ಬಿಳಿ ಕ್ಯಾಂಪರ್‌ಗಳನ್ನು ನೋಡುತ್ತಾ ಕೂತ. "ಓದಿದ್ದೆ," ಎಂದ ಕೊನೆಗೆ. "ಹುಡುಗಿ ಚೆನ್ನಾಗಿ ಬರೀತಾಳೆ ಅನ್ಕೊಂಡಿದ್ದೆ. ನಂಬರು ನೋಡ್ಲಿಲ್ಲ."

"ಅದನ್ನ ಸಮಿತಿ ಮುಂದೆ ಹೇಳ್ತೀರಾ?"

"ನೀನು ಮೊದ್ಲು ಹೇಳು. ಆಮೇಲೆ ನೋಡೋಣ."

ಫೈಲು ಮತ್ತೆ ತೆರೆದಿದ್ದಾರೆ. ಮೇಲ್ಮನವಿ ಕೇಳುವುದು ಮುಂದಿನ ಮಂಗಳವಾರ ಒಂಬತ್ತಕ್ಕೆ. ಲೋಡಿನ ಚೀಟಿಯಲ್ಲಿ ಪೂರ್ತಿ ಉದ್ದ ಬರೆಯಬೇಕೆಂದು ಬೇರೆ ಕಾಗದದಲ್ಲಿ ಕೇಳಿದ್ದೇನೆ. ಅದು ಸಂಘದ ಹೆಸರಿನಲ್ಲಿಲ್ಲ, ನನ್ನ ಹೆಸರಿನಲ್ಲಿದೆ.

ನವೆಂಬರ್ 14, ಶುಕ್ರವಾರ. ಮನೆ

ಅರವತ್ತು ಚೀಟಿ ಹಂಚಿದ್ದೆ. ನಲವತ್ತೇಳು ಜನರಿಗೆ ಫೋನು ಮಾಡಿದೆ. ಉಳಿದವರ ನಂಬರು ಸಿಗಲಿಲ್ಲ, ಲೆರಾಯ್ ಗೇಟಿನಲ್ಲಿ ನಿಂತು ಹೇಳುತ್ತೇನೆಂದ. ಮೊದಲು ಒಂದಷ್ಟು ಬೈದ. ಹನ್ನೊಂದು ಸಹಿಗಳಲ್ಲಿ ಆರು ಜನ ತಮ್ಮ ಹೆಸರು ಹೊಡೆದುಹಾಕಿದರು. ಲೆರಾಯ್ ಹೊಡೆದಿಲ್ಲ.

ಇನೆಸ್ ಅವರಿಗೂ ಮಾಡಿದೆ. ಎಲ್ಲ ಹೇಳಿದೆ. ಆ ಕಡೆ ಟೀವಿ ಸದ್ದು ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು.

"ಅಂದ್ರೆ ನಾನು ಆ ಐದು ಅಡೀಲಿ ಇದ್ದೆ."

"ಹೌದು."

"ಫೋನು ಮಾಡಿದ್ದು ಒಳ್ಳೇದು. ಪರವಾಗಿಲ್ಲ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ. ಈ ಕೈಯಲ್ಲಿ ಇನ್ನೂ ಜಡೆ ಹೆಣ್ಕೊಳ್ಳಕ್ಕೂ ಆಗ್ತಿಲ್ಲ."

"ಹೇಳಿಸಲ್ಲ," ಎಂದೆ.

ವರ್ನ್ ಫೋನು ಎತ್ತುತ್ತಿಲ್ಲ. ಮೂರು ದಿನವಾಯಿತು. ಬೇಡ ಎಂದಿದ್ದನ್ನು ಮಾಡಿದ್ದೇನೆ. ಅವರು ಬರದಿದ್ದರೆ ಸಮಿತಿ ಕೇಳುವುದೇ ಇಲ್ಲವಂತೆ. ಮೇಲ್ಮನವಿಯ ಗಡುವು ಗುರುವಾರ ಮುಗಿಯುತ್ತದೆ.

ನವೆಂಬರ್ 16, ಭಾನುವಾರ

ಚರ್ಚಿನಿಂದ ಬಂದು ನಿದ್ದೆ ಹೋಗಿದ್ದೆ. ಫೋನು ಎಬ್ಬಿಸಿತು.

"ಮಾತು ಕೇಳೋ ಅಭ್ಯಾಸಾನೇ ಇಲ್ಲ ನಿನಗೆ," ಎಂದರು ವರ್ನ್. ಮುನ್ನುಡಿ ಇಲ್ಲ.

"ಇಲ್ಲ."

"ನನ್ನ ಹೆಂಡತಿ ಹೇಳ್ತಾಳೆ, ಹೋಗು ಇಲ್ಲಾಂದ್ರೆ ಉಪ್ಪಿನ ಡಬ್ಬಿ ಮುಟ್ಟಬೇಡ ಅಂತ." ಕೆಮ್ಮಿದರು. "ಬಗ್ಗಿ ನೋಡ್ಲಿಲ್ಲ ಅಂತ ನಾನು ಹೇಳ್ತೀನಿ. ನಂಬರಿನ ವಿಷಯ ನೀನು ಹೇಳು. ನನ್ನ ಪಾಲನ್ನೂ ನೀನೇ ಹೇಳಕ್ಕೆ ಹೋಗ್ಬೇಡ. ತಿಳೀತಾ?"

"ತಿಳೀತು."

"ಆ ಸಮಿತಿಯೋರು ಕಾಗದ ನಂಬಲ್ಲ. ಹೊರಗೆ ಕರ್ಕೊಂಡ್ ಬಂದು ಅವರ ಕಣ್ಣೆದುರಿಗೇ ಒಂದನ್ನ ಅಳೆದು ತೋರಿಸ್ಬೇಕು. ಒಬ್ಬಳೇ ಹೇಗೆ ಅಳೆದೆ ನೀನು?"

ಬೂಟಿನ ಲೇಸಿನ ವಿಷಯ ಹೇಳಿದೆ. ಅವರು ನಕ್ಕರು. ತಿಂಗಳಾಗಿತ್ತು ಅವರ ಆ ತುಂಬು ನಗು ಕೇಳಿ.

"ಟೇಪು ತಗೊಂಡ್ ಬಾ. ಇನ್ನೊಂದು ತುದಿ ನಾನು ಹಿಡೀತೀನಿ."

ಮಂಗಳವಾರ, ನವೆಂಬರ್ 18, ಬೆಳಿಗ್ಗೆ ಎಂಟೂವರೆಗೆ, ಯಾರ್ಡಿನ ಉತ್ತರದ ಗೇಟಿನಲ್ಲಿ ಇಬ್ಬರೂ ಸೇರುತ್ತೇವೆ.